ನಾಮ್‌ಖಾನಾ ಲೋಕಲ್ ಹಿಡಿದು ಇಲಿಶ್ ಊರಿಗೆ

ಸಿಯಾಲ್ದಾ ಸ್ಟೇಶನ್ನಿನ ದಕ್ಷಿಣ ವಿಭಾಗದಲ್ಲಿ ಬೆಳಗ್ಗೆ ನಿಂತರೆ ಮೂಗಿಗೇ ಗೊತ್ತಾಗುತ್ತದೆ, ಈ ಹಳಿಯ ಇನ್ನೊಂದು ತುದಿಯಲ್ಲಿ ಕಡಲಿದೆ ಅಂತ. ಅಲ್ಯೂಮಿನಿಯಂ ಹಂಡೆ ಹೊತ್ತ ಮೀನಿನವರು ಇಳಿಯುತ್ತಾರೆ. ನಾವು ಲ್ಯಾಪ್‌ಟಾಪ್ ಬ್ಯಾಗ್ ಎದೆಗವಚಿಕೊಂಡು ದಾರಿ ಬಿಡುತ್ತೇವೆ. ನಾನು ಹುಟ್ಟಿದ್ದು ಗಂಗೊಳ್ಳಿಯ ಹತ್ತಿರ, ಆ ವಾಸನೆಗೆ ಮೂಗು ಮುಚ್ಚುವವನಲ್ಲ. ಆದರೂ ಹಳಿಯ ಆ ತುದಿ ನೋಡಲು ಆರು ವರ್ಷ ಬೇಕಾಯಿತು. ಕೊನೆಗೆ ಮೊನ್ನೆ ಜುಲೈನ ಒಂದು ಭಾನುವಾರ ನಾಮ್‌ಖಾನಾ ಲೋಕಲ್ ಹತ್ತಿದೆ.

ಸುಮಾರು ಮೂರು ತಾಸಿನ ದಾರಿ. ಬಾರುಯಿಪುರದ ಪೇರಲೆ, ಲಕ್ಷ್ಮೀಕಾಂತಪುರ, ಕಾಕ್‌ದ್ವೀಪ, ಆಮೇಲೆ ನಾಮ್‌ಖಾನಾ. ಹಿಂದೆ ಹಾತಾನಿಯಾ-ದೋಯಾನಿಯಾ ನದಿಯನ್ನು ಬಸ್ಸುಗಳೂ ಬಾರ್ಜ್ ಮೇಲೆ ದಾಟಬೇಕಿತ್ತು. ಈಗ ಸೇತುವೆ ಇದೆ. ಅದರಾಚೆ ಫ್ರೇಜರ್‌ಗಂಜ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಆಂಡ್ರೂ ಫ್ರೇಜರ್ ಹೆಸರಿನ ಊರು. ಪ್ರವಾಸಿಗರು ನೇರ ಬಕ್ಖಾಲಿ ಬೀಚಿಗೆ ಹೋಗುತ್ತಾರೆ. ನಾನು ಬಂದರಿನಲ್ಲೇ ಇಳಿದೆ.

ನಮ್ಮ ಮಲ್ಪೆ, ಗಂಗೊಳ್ಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ನಮ್ಮವರು ಬಲೆ ರಿಪೇರಿ ಮಾಡುವ ಹೊತ್ತಿಗೆ ಇವರಿಗೆ ಭರ್ತಿ ಸೀಸನ್. ಐಸ್ ಪುಡಿ ಮಾಡುವ ಸದ್ದು, ಡೀಸೆಲ್ ಹೊಗೆ, ಬುಟ್ಟಿ ಬುಟ್ಟಿ ಇಲಿಶ್. ಪುಬಾಲಿ, ಅಂದರೆ ಪೂರ್ವದ ಗಾಳಿ ಬೀಸಿ ಜಿಟಿಜಿಟಿ ಮಳೆ ಬಂದರೆ ಮೀನು ಮೇಲೇಳುತ್ತದೆ ಎನ್ನುತ್ತಾರೆ. ಆ ಮಳೆಗೇ ಬಂಗಾಳಿಯಲ್ಲಿ 'ಇಲ್ಶೇಗುಡಿ' ಎಂಬ ಹೆಸರು. ಇಲ್ಲಿ ಎಲ್ಲ ಬೋಟಿಗೂ 'ಟ್ರಾಲರ್' ಅನ್ನುತ್ತಾರೆ, ಇಲಿಶ್ ಹಿಡಿಯುವುದು ಮಾತ್ರ ಬೀಡುಬಲೆಯಲ್ಲಿ.

ದುಡ್ಡಿನ ಲೆಕ್ಕ ನಮ್ಮೂರಿನದೇ, ಹೆಸರು ಬೇರೆ. ಡೀಸೆಲ್, ಐಸ್, ಅಕ್ಕಿಗೆ ಮುಂಗಡ ಕೊಡುವವನು ಆಡತ್‌ದಾರ. ಆ ಮುಂಗಡಕ್ಕೆ 'ದಾದನ್' ಅಂತಾರೆ. ಅದನ್ನು ತಿಂದ ಮೇಲೆ ಮೀನು ಅವನಿಗೇ, ಕಮಿಷನ್ ಅವನದೇ. ಬರಿಗೈಲಿ ಬಂದ ಟ್ರಿಪ್ಪಿನ ಸಾಲ ಮುಂದಿನ ಟ್ರಿಪ್ಪಿನ ತಲೆ ಮೇಲೆ. ಆಗ ಬೋಟು ಇನ್ನೂ ದೂರ ಹೋಗುತ್ತದೆ.

ದೂರ ಅಂದರೆ ಪೂರ್ವಕ್ಕೆ, ಮತ್ತು ಪೂರ್ವಕ್ಕೆ ಬಾಂಗ್ಲಾದೇಶ. ವಿವಾದದಲ್ಲಿದ್ದ ಸುಮಾರು 25,600 ಚದರ ಕಿಲೋಮೀಟರ್ ಕಡಲಿನಲ್ಲಿ 19,467ನ್ನು ಅವರಿಗೆ ಕೊಟ್ಟು ಹೇಗ್‌ನ ನ್ಯಾಯಮಂಡಳಿ 2014ರಲ್ಲಿ ಗೆರೆ ಎಳೆಯಿತು. ನೀರಿನ ಮೇಲೆ ಅದು ಕಾಣುವುದಿಲ್ಲವಲ್ಲ. ಎಂಜಿನ್ ಕೆಟ್ಟು ತೇಲಿದವರೂ ಮೀನಿನ ಹಿಂದೆ ಹೋದವರೂ ಒಂದೇ ಜೈಲಿಗೆ. 2025ರ ಜನವರಿಯಲ್ಲಿ ಎರಡು ದೇಶಗಳೂ ಬಂದಿಗಳನ್ನು ಅದಲುಬದಲು ಮಾಡಿಕೊಂಡಾಗ 95 ಮಂದಿ ನಮ್ಮ ಕಡೆ ಬಂದರು, 90 ಮಂದಿ ಆ ಕಡೆ ಹೋದರು. ಕಾಕ್‌ದ್ವೀಪ, ನಾಮ್‌ಖಾನಾ ಸುತ್ತಿನ ಮನೆಗಳಲ್ಲಿ ಆ ತಿಂಗಳುಗಳನ್ನು ಹೇಗೆ ಕಳೆದಿರಬಹುದು?

ಬಲೆ ಹೆಣೆಯುತ್ತಿದ್ದ ಹಿರಿಯ ಮಾಝಿಯೊಬ್ಬರು ನನ್ನ ಹರಕು ಬಂಗಾಳಿ ಕೇಳಿ ನಕ್ಕರು. "ನಿಮ್ಮೂರ ಕಡಲಿನ ಆ ಕಡೆ ಯಾವ ದೇಶ?"

"ಹತ್ತಿರ ಯಾವುದೂ ಇಲ್ಲ ದಾದಾ."

"ಹಾಗಾದರೆ ನಿಮ್ಮವರು ಪುಣ್ಯವಂತರು."

ಹೌದೆನ್ನಲು ಬಾಯಿ ಬರಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ನೆನಪಾಯಿತು. ಏಳು ಜನರಿದ್ದ ಬೋಟು. ಅವಶೇಷ ಮಾಲ್ವಣದಾಚೆ ನೀರಿನಡಿ ಸಿಕ್ಕಿದ್ದು ಮರುವರ್ಷ ಮೇನಲ್ಲಿ. ಅಲ್ಲಿಯವರೆಗೂ ನಮ್ಮೂರಲ್ಲಿ ಎಷ್ಟೋ ಜನ, ಯಾರೋ ಹಿಡಿದಿಟ್ಟಿರಬೇಕು, ಜೈಲಲ್ಲಾದರೂ ಜೀವಂತ ಇದ್ದಾರು ಎಂದೇ ಅಂದುಕೊಳ್ಳುತ್ತಿದ್ದರು. ಅದನ್ನು ಮಾಝಿಗೆ ಹೇಳಿದೆ. ಅವರು ಬಲೆಯಿಂದ ಕೈ ತೆಗೆದು, "ಏಳೂ ಜನ?" ಅಂತ ಕೇಳಿದರು. ಹೂಂ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಟೀ ತರಿಸಿದರು.

ವಾಪಸ್ ಬರುವಾಗ ಐಸಿನಲ್ಲಿ ಸುತ್ತಿದ ಒಂದು ಇಲಿಶ್ ನನ್ನ ಕಾಲ ಬುಡದಲ್ಲಿ. ಅಮ್ಮನಿಗೆ ಫೋನ್ ಮಾಡಿದರೆ ರೇಟು ಕೇಳಿ ಬೈದಳು. "ಅಷ್ಟ್ ದುಡ್ಡ್ ಕೊಟ್ಟ್ ಮುಳ್ಳ್ ತಕಂಡ್ಯಾ ಮಗಾ? ಬಂಗ್ಡಿ ಸಿಕ್ಕುದಿಲ್ಯಾ ಅಲ್ಲ್?"