ಕಂಪ್ಯೂಟರಿನಲ್ಲಿ ಎರಡೆರಡು ವಿಂಡೋಸ್: ಡಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಸಾಕೇ?

ಕಂಪ್ಯೂಟರ್ ಆನ್ ಮಾಡುತ್ತಿದ್ದಂತೆ ನೀಲಿ ಪರದೆಯ ಮೇಲೆ ಎರಡು ವಿಂಡೋಸ್ ಹೆಸರು ಕಾಣಿಸಿಕೊಂಡು, 'ಯಾವುದು ಬೇಕು, ಆರಿಸಿ' ಎಂದು ಕೇಳುತ್ತದೆಯೇ? 'ಇದು ವೈರಸ್, ಕೂಡಲೇ ಡಿ ಡ್ರೈವ್ ಫಾರ್ಮ್ಯಾಟ್ ಮಾಡಿ' ಎನ್ನುವ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಸ್ವಲ್ಪ ತಾಳಿ. ಅದನ್ನು ನಂಬಿ ಒಂದು ಗುಂಡಿ ಒತ್ತಿದರೆ ಮನೆಯವರ ಫೋಟೊ, ಮಕ್ಕಳ ಅಂಕಪಟ್ಟಿ ಎಲ್ಲವೂ ಹೋಗಬಹುದು.

ಎರಡನೆಯದು ಬಂದದ್ದು ಹೇಗೆ?

ಸಾಮಾನ್ಯವಾಗಿ ಇದು ವೈರಸ್ ಅಲ್ಲ. ಹಳೆಯ ವಿಂಡೋಸ್ ತೆಗೆಯದೆ, ಹೊಸದನ್ನು ಇನ್ನೊಂದು ಡ್ರೈವ್‌ಗೆ ಹಾಕಿದರೆ ಎರಡೂ ಉಳಿದುಕೊಳ್ಳುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಹಳೆಯದರ ಪಕ್ಕದಲ್ಲೇ ವಿಂಡೋಸ್ 11 ಹಾಕಿಸಿಕೊಂಡವರೂ ಇದ್ದಾರೆ.

ಎರಡಿದ್ದರೆ ಕಂಪ್ಯೂಟರ್ ನಿಧಾನವಾಗುತ್ತದೆಯೇ?

ಒಮ್ಮೆಗೆ ಒಂದೇ ವಿಂಡೋಸ್ ಓಡುತ್ತದೆ, ಇನ್ನೊಂದು ಸುಮ್ಮನೆ ಮಲಗಿರುತ್ತದೆ. ಅದರಿಂದ ಆಗುವ ನಷ್ಟ ಮುಖ್ಯವಾಗಿ ಜಾಗದ್ದು. ಆನ್ ಮಾಡಿದಾಗ ಆ ಪಟ್ಟಿ ಸಾಮಾನ್ಯವಾಗಿ 30 ಸೆಕೆಂಡ್ ಕಾಯುವುದರಿಂದ ಕಂಪ್ಯೂಟರ್ ತಡವಾಗಿ ಶುರುವಾದಂತೆ ಅನಿಸುತ್ತದೆ, ಅಷ್ಟೆ.

'ಡಿ ಡ್ರೈವ್' ಸಲಹೆ ಏಕೆ ಅಪಾಯ?

ಪ್ರತಿಯೊಂದು ವಿಂಡೋಸ್ ಕೂಡ ತಾನಿರುವ ಜಾಗವನ್ನೇ ಸಾಮಾನ್ಯವಾಗಿ 'ಸಿ' ಎಂದು ಕರೆದುಕೊಳ್ಳುತ್ತದೆ. ಇವತ್ತು ನೀವು 'ಡಿ' ಎಂದು ನೋಡುವುದು, ಇನ್ನೊಂದು ವಿಂಡೋಸ್ ತೆರೆದಾಗ 'ಸಿ' ಆಗಿರಬಹುದು. ಆದ್ದರಿಂದ ಅಕ್ಷರ ನಂಬಬೇಡಿ. ಡ್ರೈವ್‌ನ ಗಾತ್ರ ಮತ್ತು ಒಳಗಿರುವ ಫೋಲ್ಡರ್‌ಗಳನ್ನು ನೋಡಿ ಗುರುತಿಸಿ.

ಇನ್ನೂ ಒಂದು ತೊಡಕಿದೆ. ಕಂಪ್ಯೂಟರನ್ನು ಶುರು ಮಾಡಿಸುವ ಪುಟ್ಟ ಫೈಲುಗಳು ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ಮೊದಲ ವಿಂಡೋಸ್ ಇರುವ ಡ್ರೈವ್‌ನಲ್ಲೇ ಇರುತ್ತವೆ. ಅದನ್ನು ಅಳಿಸಿಬಿಟ್ಟರೆ ಹೊಸ ವಿಂಡೋಸ್ ಕೆಡದಿದ್ದರೂ ಕಂಪ್ಯೂಟರ್ ಶುರುವಾಗುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು?

1. ಮೊದಲು ಬೇಕಾದ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಹಳೆಯ ವಿಂಡೋಸ್‌ನ 'ಯೂಸರ್ಸ್' ಫೋಲ್ಡರ್ ಒಳಗಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮರೆಯಬೇಡಿ. ಕಾಪಿ ಆದದ್ದು ತೆರೆಯುತ್ತದೆಯೇ ಎಂದೂ ನೋಡಿ.

2. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಕಂಪ್ಯೂಟರ್ ಅದನ್ನು ಕೇಳಬಹುದು.

3. ಉಳಿಸಿಕೊಳ್ಳಬೇಕಾದ ವಿಂಡೋಸ್ ತೆರೆಯಿರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್‌ನಲ್ಲಿ 'ಎಂಎಸ್‌ಕಾನ್ಫಿಗ್' ಎಂದು ಟೈಪ್ ಮಾಡಿ. 'ಬೂಟ್' ಪುಟದಲ್ಲಿ 'ಕರೆಂಟ್ ಓಎಸ್' ಎಂದಿರುವುದು ಈಗ ಓಡುತ್ತಿರುವುದು. ಅದನ್ನೇ ಡಿಫಾಲ್ಟ್ ಮಾಡಿ, ಇನ್ನೊಂದನ್ನು ಆರಿಸಿ 'ಡಿಲೀಟ್' ಒತ್ತಿ.

4. ಇದರಿಂದ ಪಟ್ಟಿಯಲ್ಲಿನ ಹೆಸರು ಮಾತ್ರ ಹೋಗುತ್ತದೆ, ಫೈಲುಗಳು ಹಾಗೇ ಇರುತ್ತವೆ. ಕೆಲವು ದಿನ ಹೀಗೇ ಬಳಸಿ ನೋಡಿ. ಪಟ್ಟಿಯ ಕಿರಿಕಿರಿ ತಪ್ಪಿದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

5. ಜಾಗವೂ ಬೇಕಿದ್ದರೆ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಅಲ್ಲಿ 'ಬೂಟ್' ಎಂದು ಬರೆದಿರುವುದು ಈಗ ಓಡುತ್ತಿರುವ ವಿಂಡೋಸ್. 'ಸಿಸ್ಟಮ್' ಎಂದಿರುವಲ್ಲಿ ಶುರು ಮಾಡಿಸುವ ಫೈಲುಗಳಿವೆ. ಇವೆರಡನ್ನೂ ಮುಟ್ಟಬೇಡಿ. 'ರಿಕವರಿ' ಎಂದಿರುವ ಸಣ್ಣ ಭಾಗವನ್ನೂ ಬಿಟ್ಟುಬಿಡಿ. ಹಳೆಯ ವಿಂಡೋಸ್ ಇರುವ ಡ್ರೈವ್‌ಗೆ ಈ ಗುರುತುಗಳಿಲ್ಲದಿದ್ದರೆ ಮಾತ್ರ ಫಾರ್ಮ್ಯಾಟ್ ಮಾಡಿ. ಅದರ ಮೇಲೇ 'ಸಿಸ್ಟಮ್' ಎಂದಿದ್ದರೆ ತಿಳಿದವರಿಗೆ ತೋರಿಸುವುದು ಒಳ್ಳೆಯದು.

'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್?

ಅದು ಎರಡನೇ ವಿಂಡೋಸ್ ಅಲ್ಲ. ಅಪ್‌ಗ್ರೇಡ್ ಆದಾಗ ಹಿಂದಿನ ಆವೃತ್ತಿಗೆ ಮರಳಲು ಇಟ್ಟ ಪ್ರತಿ. ಸಾಮಾನ್ಯವಾಗಿ 10 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಬೇಗ ತೆಗೆಯಬೇಕಿದ್ದರೆ 'ಡಿಸ್ಕ್ ಕ್ಲೀನಪ್' ಇದೆ.

ಎರಡನೆಯದು ಲಿನಕ್ಸ್ ಆಗಿದ್ದರೆ?

ಮೇಲಿನ ಕ್ರಮ ಅದಕ್ಕೆ ಹೊಂದುವುದಿಲ್ಲ. ಅಲ್ಲಿ ಆಯ್ಕೆಯ ಪಟ್ಟಿ ತೋರಿಸುವುದು ಹೆಚ್ಚಾಗಿ 'ಗ್ರಬ್' ಎಂಬ ತಂತ್ರಾಂಶ. ಲಿನಕ್ಸ್ ಇರುವ ಭಾಗವನ್ನು ನೇರವಾಗಿ ಅಳಿಸಿದರೆ 'ಗ್ರಬ್ ರೆಸ್ಕ್ಯೂ' ಎಂಬ ಕಪ್ಪು ಪರದೆಯಲ್ಲಿ ಸಿಕ್ಕಿಕೊಳ್ಳಬಹುದು. ಮೊದಲು ವಿಂಡೋಸ್‌ನದೇ ಬೂಟ್ ವ್ಯವಸ್ಥೆ ಮುಂದಕ್ಕೆ ಬರುವಂತೆ ಮಾಡಿ, ಆಮೇಲೆ ಅಳಿಸಬೇಕು.

ಕೊನೆಯದಾಗಿ

ಹಳೆಯ ವಿಂಡೋಸ್ ಇನ್ನೊಂದು ವಾರ ಇದ್ದರೆ ನಿಮಗೇನೂ ಆಗುವುದಿಲ್ಲ. ಆದರೆ ಎಸ್‌ಎಸ್‌ಡಿಯಿಂದ ಅಳಿಸಿಹೋದ ಫೋಟೊ ಮರಳಿ ಸಿಗುವುದು ಬಹಳ ಕಷ್ಟ. ಆದ್ದರಿಂದ ಮೊದಲು ಬ್ಯಾಕಪ್, ಆಮೇಲೆ ಡಿಲೀಟ್. ಫಾರ್ವರ್ಡ್ ಮಾಡಲೇಬೇಕಿದ್ದರೆ ಈ ಮಾತನ್ನು ಮಾಡಿ.