ತಟ್ಟೆಗೆ ಹಾಕದ್ದನ್ನು ತೊಟ್ಟಿಗೂ ಹಾಕಬೇಡಿ

1/5
ಹೋದ ತಿಂಗಳು ಇದೇ ಪೇಜ್‌ನಲ್ಲಿ ಒಂದು ಫೋಟೊ ಹಾಕಿದ್ದೆ, ನೆನಪಿದೆಯಾ? ಬೆಳಗಾವಿಯ ಅತ್ತೆ ಮನೆಯ ಗಾಜಿನ ತೊಟ್ಟಿ, ಒಳಗೆ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರೋ ಆಮೆ, ಮೇಲಿಂದ ನೀರಿಗೆ ಇಳಿಬಿದ್ದ ಮನಿ ಪ್ಲಾಂಟ್. ಆ ಬಳ್ಳಿ ಅಲ್ಲಿ ಇಟ್ಟಿದ್ದು ನಾನೇ, ಹಸಿರು ಚೆನ್ನಾಗಿ ಕಾಣ್ತದೆ ಅಂತ. ನನ್ನ ಫೋಟೊಗಳಲ್ಲಿ ಅದಕ್ಕೇ ಅತಿ ಹೆಚ್ಚು ಲೈಕ್ ಬಂದದ್ದು. "ಅಕ್ಕಾ, ನಮ್ಮ ಆಮೆಗೂ ಇದೇ ಗಿಡ ಹಾಕ್ಬಹುದಾ?" ಅಂತ ಕೆಲವರು ಕೇಳಿದ್ರು. ನಾನು ಯೋಚನೆಯೂ ಮಾಡದೆ "ಹಾಕಿ" ಅಂದೆ.

ಎರಡು ವಾರದ ಮೇಲೆ ಅತ್ತೆ ಫೋನ್ ಮಾಡಿದ್ರು. ಎಲೆಗಳ ಅಂಚೆಲ್ಲ ಕಚ್ಚಿದ ಗುರುತು, ಆಮೆ ಎರಡು ದಿನದಿಂದ ಏನೂ ಮುಟ್ಟಿಲ್ಲ. ಬಳ್ಳಿ ತೆಗೆದು, ನೀರು ಬದಲಿಸಿದ ಮೇಲೆ ನಾಲ್ಕನೇ ದಿನ ತಿನ್ನೋಕೆ ಶುರು ಮಾಡ್ತು. ಕಾರಣ ಬಳ್ಳಿಯೇ ಅಂತ ಪ್ರಮಾಣ ಮಾಡಿ ಹೇಳಲಾರೆ, ನಾನು ಬಿಕಾಂ ಓದೋಳು, ಪಶುವೈದ್ಯೆ ಅಲ್ಲ. ಆದ್ರೆ ಆ ಫೋಟೊ ತೆಗೆದಿದ್ದೇನೆ. "ಹಾಕಿ" ಅಂದವಳು ನಾನಾದ್ದರಿಂದ "ತೆಗೀರಿ" ಅಂತಲೂ ನಾನೇ ಹೇಳ್ಬೇಕು.

2/5
ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಮಳೆಗಾಲದಲ್ಲಿ ಪತ್ರೊಡೆ ತಿಂದವರೇ ಅಲ್ವಾ ನಾವು? ಕೆಸುವಿನ ಎಲೆಗೆ ಹುಳಿ ಕಡಿಮೆ ಬಿದ್ರೆ, ಸರಿಯಾಗಿ ಬೇಯದಿದ್ರೆ ಗಂಟಲು ಏನಾಗ್ತದೆ ಅಂತ ಗೊತ್ತು. ಆ ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್, ಸೂಜಿಯಂಥ ಸಣ್ಣ ಹರಳುಗಳು. ಮನಿ ಪ್ಲಾಂಟ್ ಕೂಡ ಕೆಸುವಿನ ಕುಟುಂಬದ್ದೇ. ಡೈಫೆನ್‌ಬೇಕಿಯಾ, ಫಿಲೋಡೆಂಡ್ರಾನ್, ಪೀಸ್ ಲಿಲಿ, ಸಿಂಗೋನಿಯಂ ಎಲ್ಲ ಅದೇ ಬಳಗ. ನರ್ಸರಿಯಲ್ಲಿ "ನೆರಳಲ್ಲೂ ಬರ್ತದೆ" ಅಂತ ಕೊಡೋ ಗಿಡಗಳಲ್ಲಿ ಇವೇ ಜಾಸ್ತಿ. ನಾವು ಹುಣಸೆಹುಳಿ ಹಾಕಿ ಬೇಯಿಸಿ ತಿಂತೇವೆ. ಆಮೆ ಹಸಿಯಾಗೇ ಕಚ್ಚುತ್ತದೆ.

"ನಮ್ಮ ಆಮೆ ತಿಂದ್ರೂ ಏನೂ ಆಗಿಲ್ಲ" ಅನ್ನೋರಿದ್ದಾರೆ. ಒಂದು ಎಲೆಗೆ ಸತ್ತೇ ಹೋಗ್ತದೆ ಅಂತ ನಾನೂ ಹೇಳ್ತಿಲ್ಲ. ಮನಿ ಪ್ಲಾಂಟ್ ಬೇರು ನೀರಿನ ನೈಟ್ರೇಟ್ ಹೀರ್ತದೆ ಅನ್ನೋದೂ ನಿಜ. ಎಲೆ, ಬೇರು ಎರಡೂ ಆಮೆಗೆ ಎಟುಕದ ಹಾಗೆ ಇಡೋಕಾದ್ರೆ ಇಡಿ. ಆದ್ರೆ ಆಮೆ ನೋವಾದ್ರೆ ಕೂಗಲ್ಲ. ಅದರ ಜೀರ್ಣ ನಿಧಾನ, ಕಾಯಿಲೆ ಹೊರಗೆ ಕಾಣೋದೂ ನಿಧಾನ. "ಏನೂ ಆಗಿಲ್ಲ" ಅಂದ್ರೆ ಕೆಲವೊಮ್ಮೆ "ನಮಗಿನ್ನೂ ಕಂಡಿಲ್ಲ" ಅಂತ ಅಷ್ಟೇ.

3/5
ಇನ್ನು ಕೆಲವು ಗಿಡಗಳ ವಿಷಯದಲ್ಲಿ ಚರ್ಚೆಯೇ ಬೇಡ. ಕಣಗಿಲೆ, ಅಡೇನಿಯಂ, ಕಲಾಂಚೊ: ಮೂರರಲ್ಲೂ ಹೃದಯಕ್ಕೆ ಹೊಡೆಯೋ ವಿಷ ಇದೆ. ಕಾಡುಬಸಳೆಯೂ ಕಲಾಂಚೊ ಜಾತಿಯದ್ದೇ. "ಕಿಡ್ನಿ ಕಲ್ಲಿಗೆ ಮದ್ದಲ್ವಾ?" ಅಂತೀರಿ. ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧ ತೆಗೀತಾರೆ, ಹಾಗಂತ ಅದರ ಎಲೆಯನ್ನ ಯಾರೂ ಪಲ್ಯ ಮಾಡಲ್ಲ. ಮದ್ದು ಅಂದ ಮಾತ್ರಕ್ಕೆ ಮೇವಲ್ಲ.

ಹಾಗಾದ್ರೆ ಯಾವುದು ಹಾಕೋದು? ದಾಸವಾಳದ ಎಲೆ, ಹೂವು ಎರಡನ್ನೂ ತಿನ್ಬಹುದು. ಗರಿಕೆ ಆಗ್ತದೆ. ಕುಂಡದ ಗಿಡವೇ ಬೇಕಂದ್ರೆ ಸ್ಪೈಡರ್ ಪ್ಲಾಂಟ್. ಆದ್ರೆ ನರ್ಸರಿಯಿಂದ ತಂದ ದಿನವೇ ಇಡಬೇಡಿ. ಎಲೆ ಮೇಲೆ ಕೀಟನಾಶಕ, ಮಣ್ಣಲ್ಲಿ ಗೊಬ್ಬರದ ಕಾಳು ಇರಬಹುದು. ಬರೀ ಮಣ್ಣಿಗೆ ಬದಲಿಸಿ, ಕೆಲವು ವಾರ ಹೊರಗೆ ಬೆಳೆಸಿ, ಹೊಸ ಚಿಗುರು ಬಂದ ಮೇಲೆ ಕೊಡಿ.

"ನಮ್ಮ ಆಮೆ ಗಿಡ ಮುಟ್ಟೋದೇ ಇಲ್ಲ" ಅನ್ನೋರಿಗೂ ಒಂದು ಮಾತು. ಅತ್ತೆ ಮನೆಯಲ್ಲಿರೋದು ರೆಡ್-ಇಯರ್ಡ್ ಸ್ಲೈಡರ್. ಅದು ಮರಿಯಾಗಿದ್ದಾಗ ಹುಳ, ಮೀನು ಹೆಚ್ಚು ತಿಂತದೆ, ದೊಡ್ಡದಾದ ಹಾಗೆ ಸೊಪ್ಪಿನ ಕಡೆ ತಿರುಗ್ತದೆ. ಈ ವರ್ಷ ಮುಟ್ಟದ ಗಿಡ ಮುಂದಿನ ವರ್ಷ ಅದರ ಊಟ. ನಾವು ಅಲಂಕಾರ ಅಂದ್ಕೊಂಡದ್ದು ಅದರ ಲೆಕ್ಕದಲ್ಲಿ ಅಡುಗೆಮನೆ. ಅದಕ್ಕೇ ನನ್ನ ನಿಯಮ ಒಂದೇ: ತಟ್ಟೆಗೆ ಹಾಕದ್ದನ್ನು ತೊಟ್ಟಿಗೂ ಹಾಕಬೇಡಿ.

4/5
ಗಿಡಕ್ಕಿಂತ ಮೊದಲು ಕೇಳ್ಬೇಕಾದ ಪ್ರಶ್ನೆ ಇನ್ನೊಂದಿದೆ. ನಿಮ್ಮ ಹತ್ತಿರ ಇರೋದು ಯಾವ ಆಮೆ?

ನಮ್ಮದು ರೇಷ್ಮೆಯ ರಾಮನಗರ ಅಲ್ಲ, ಜೋಯಿಡಾ ತಾಲ್ಲೂಕಿನ ರಾಮನಗರ. ಸುತ್ತ ಕಾಳಿ ಕಾಡು. ಮಳೆ ಹಿಡಿದ್ರೆ ಗದ್ದೆ ಬದುವಲ್ಲಿ, ರಸ್ತೆ ಮೇಲೆ ಆಮೆ ಕಾಣ್ತದೆ. ಮಕ್ಕಳು "ಕಾಸವ, ಕಾಸವ" ಅಂತ ಬಕೆಟ್‌ಗೆ ಹಾಕಿ ಮನೆಗೆ ತರ್ತಾರೆ. ಪೇಟೆಯಲ್ಲಿ ಅದೃಷ್ಟ ಬರ್ತದೆ ಅಂತ ನಕ್ಷತ್ರ ಆಮೆ ಕೊಳ್ಳೋರೂ ಇದ್ದಾರೆ. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ ಪ್ರಾಣಿಗಳು, ಸಾಕೋದು ಅಪರಾಧ. ನಕ್ಷತ್ರ ಆಮೆ ಈಗ ಮೊದಲ ಪಟ್ಟಿಯಲ್ಲಿದೆ, ಜೈಲು 3 ವರ್ಷದಿಂದ 7 ವರ್ಷದವರೆಗೆ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ನಿಷೇಧ. ಇವುಗಳಿಗೆ ಯಾವ ಗಿಡ ಸುರಕ್ಷಿತ ಅಂತ ನನ್ನ ಕೇಳಬೇಡಿ. ಉತ್ತರ ಗಿಡದಲ್ಲಿಲ್ಲ, ಅರಣ್ಯ ಇಲಾಖೆಯವರಿಗೆ ತಿಳಿಸೋದರಲ್ಲಿದೆ. ರಸ್ತೆ ದಾಟ್ತಿರೋ ಆಮೆ ಕಂಡ್ರೆ ಅದು ಹೋಗ್ತಿದ್ದ ಕಡೆಗೇ ದಾಟಿಸಿ ಬಿಡಿ, ಸಾಕು.

5/5
ಸ್ಲೈಡರ್ ಅಮೆರಿಕದ್ದು. ಅಂಗಡಿಯಲ್ಲಿ ಕೈಯಗಲ ಇರೋದು ಬೆಳೆದು 25–30 ಸೆಂ.ಮೀ. ಆಗಬಹುದು, 20 ವರ್ಷಕ್ಕೂ ಮೇಲೆ ಬದುಕ್ತದೆ. ಇದನ್ನ ಹೇಳದೆ ಮಾರ್ತಾರೆ, ಬೇಸರ ಬಂದವರು ಹೊಳೆಗೆ ಬಿಡ್ತಾರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ದಯವಿಟ್ಟು ಕಾಳಿಗೆ, ಸೂಪಾ ಹಿನ್ನೀರಿಗೆ ಬಿಡಬೇಡಿ. ಹೊಸದಾಗಿ ಕೊಳ್ಳಲೂ ಬೇಡಿ. ಈಗಾಗಲೇ ಇದ್ರೆ ಕೊನೆವರೆಗೂ ಚೆನ್ನಾಗಿ ನೋಡ್ಕೊಳ್ಳಿ.

ಸೂಪಾ ಅಣೆಕಟ್ಟಿಗೆ ಊರು ಕಳಕೊಂಡವರನ್ನ ತಂದು ನೆಲೆ ಮಾಡಿದ ಊರು ನಮ್ಮದು. ಒಂದು ಜೀವವನ್ನ ಅದರ ಜಾಗದಿಂದ ಎಬ್ಬಿಸಿ ತಂದವರು, ಹೊಸ ಜಾಗದಲ್ಲಿ ಅದು ಏನು ತಿಂತದೆ ಅಂತ ಮೊದಲು ನೋಡ್ಬೇಕು. ಇದನ್ನ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ.

ಅತ್ತೆ ಮನೆ ತೊಟ್ಟಿಯ ಪಕ್ಕ ಈಗ ದಾಸವಾಳದ ಕುಂಡ ಇದೆ. ವಾರಕ್ಕೆರಡು ಎಲೆ ಕಿತ್ತು ನೀರಿಗೆ ಹಾಕ್ತಾರೆ, ಒಂದು ಗಂಟೆಯಲ್ಲಿ ಖಾಲಿ. ಫೋಟೊಗೆ ಅಷ್ಟೇನೂ ಚಂದ ಇಲ್ಲ. ನಿಮ್ಮ ತೊಟ್ಟಿಯಲ್ಲಿ ಈಗ ಯಾವ ಗಿಡ ಇದೆ? ಕೆಳಗೆ ಬರೀರಿ. ಮನಿ ಪ್ಲಾಂಟ್ ಆಗಿದ್ರೆ, ಮೊದಲು ತೆಗೆದು ಬಂದು ಆಮೇಲೆ ಬರೀರಿ.

#ರಾಮನಗರ #ಜೋಯಿಡಾ #ಆಮೆ #ಮನಿಪ್ಲಾಂಟ್