ಕಾಳಿಂಗನಿಗೆ ಇಲಿಯ ಊಟ: ಯಾರ ಅನುಕೂಲಕ್ಕೆ?

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಪ್ರವಾಸ ಹೋಗಿ ಬಂದ ನಮ್ಮ ಘಟ್ಟದ ಶಾಲೆಗಳ ಮಕ್ಕಳನ್ನು ಏನೇನು ಕಂಡಿರಿ ಎಂದು ಕೇಳಿದರೆ, ಹುಲಿ, ಜಿರಾಫೆಗಳ ಬೆನ್ನಿಗೇ ಹಾವಿನ ಮಾತು ಬರುತ್ತದೆ. ಅದರ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ: "ಗಾಜಿನ ಒಳಗಿರುವ ಹಾವಿಗೆ ಊಟಕ್ಕೆ ಏನು ಹಾಕುತ್ತಾರೆ?" 1892ರಲ್ಲಿ ಆರಂಭವಾದ ಆ ಮೃಗಾಲಯವನ್ನು ನೋಡಿದ ಎಷ್ಟೋ ತಲೆಮಾರಿನ ಮಕ್ಕಳು ಈ ಪ್ರಶ್ನೆಯನ್ನು ಕೇಳಿರಬೇಕು. ಪ್ರಶ್ನೆ ಸಣ್ಣದು, ಆದರೆ ಅದರ ಉತ್ತರ ಮೃಗಾಲಯದ ಗೋಡೆ ದಾಟಿ ನಮ್ಮ ಅಡಿಕೆ ಅಂಗಳದವರೆಗೆ ಬರುತ್ತದೆ.

ಮೈಸೂರು, ಬೆಂಗಳೂರಿನಂತಹ ನಗರಗಳಲ್ಲಿ ಈಗ ವಿದೇಶಿ ಹಾವುಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವೂ ಕಾಲಿಟ್ಟಿದೆ. ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು ಇವುಗಳಲ್ಲಿ ಮುಖ್ಯವಾದುದು. ಇಂತಹ ಹಾವನ್ನು ತಂದವರ ಮೊದಲ ಅಳಲು ಒಂದೇ: ಕೊಟ್ಟದ್ದನ್ನು ತಿನ್ನುವುದಿಲ್ಲ. ಬಿಳಿ ಇಲಿಗೆ ಒಗ್ಗಿದ್ದು ಬೇರೆ ಇಲಿಯನ್ನು ಮುಟ್ಟದು. ಜೀವಂತ ಬೇಟೆಗೆ ಒಗ್ಗಿದ್ದು ಸತ್ತದ್ದನ್ನು ಮೂಸಿಯೂ ನೋಡದು. ತಿಂಗಳುಗಟ್ಟಲೆ ಉಪವಾಸವಿರುವುದು ಈ ಹಾವಿಗೆ ಹೊಸದೇನಲ್ಲ. ಆದರೆ ಸಾಕಿದವರಿಗೆ ಗಾಬರಿಯಾಗುತ್ತದೆ.

ಇದು ಹಾವಿನ ಹಟವೇ? ಅಲ್ಲ. ಹಾವು ಬೇಟೆಯನ್ನು ಗುರುತಿಸುವುದು ಬಹುಮಟ್ಟಿಗೆ ವಾಸನೆಯಿಂದ. ಸೀಳುನಾಲಗೆಯನ್ನು ಹೊರಚಾಚಿದಾಗಲೆಲ್ಲ ಅದು ಗಾಳಿಯಲ್ಲಿ, ನೆಲದಲ್ಲಿ ಇರುವ ಕಣಗಳನ್ನು ಹೆಕ್ಕಿ, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. 'ಇದು ಆಹಾರ' ಎಂಬ ತೀರ್ಮಾನ ಆಗುವುದು ಅಲ್ಲಿಂದ. ಈ ತೀರ್ಮಾನವನ್ನು ಹಾವಿಗೆ ಯಾರೂ ಕಲಿಸುವುದಿಲ್ಲ. ಅಮೆರಿಕದ ವಿಜ್ಞಾನಿ ಗೋರ್ಡನ್ ಬರ್ಗಾರ್ಟ್ 1960ರ ದಶಕದಲ್ಲಿ, ಹುಟ್ಟಿದ ಮೇಲೆ ಒಂದು ತುತ್ತನ್ನೂ ಉಣ್ಣದ ಮರಿಹಾವುಗಳ ಮುಂದೆ ಬೇರೆ ಬೇರೆ ಪ್ರಾಣಿಗಳ ಮೈಯ ಸಾರದಲ್ಲಿ ಅದ್ದಿದ ಹತ್ತಿಯನ್ನು ಹಿಡಿದರು. ತಮ್ಮ ಜಾತಿಯ ಬೇಟೆಯ ವಾಸನೆಗೆ ಮರಿಗಳು ನಾಲಗೆಯಾಡಿಸಿ ಬಾಯಿ ಹಾಕಿದವು; ಉಳಿದವನ್ನು ಹೆಚ್ಚು ಗಮನಿಸಲಿಲ್ಲ. ಮುಂದೆ ಸ್ಟೀವನ್ ಆರ್ನಾಲ್ಡ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಒಂದೇ ಜಾತಿಯ ಹಾವುಗಳ ಎರಡು ಗುಂಪುಗಳನ್ನು ಹೋಲಿಸಿದರು. ತೇವದ ಕರಾವಳಿಯ ಹಾವಿನ ಮರಿಗಳಲ್ಲಿ ಹೆಚ್ಚಿನವು ಚಿಪ್ಪಿಲ್ಲದ ಬಸವನಹುಳುವನ್ನು ತಿಂದವು. ಅಂತಹ ಹುಳುಗಳೇ ಇಲ್ಲದ ಒಳನಾಡಿನ ಹಾವಿನ ಮರಿಗಳಲ್ಲಿ ಹೆಚ್ಚಿನವು ಅದನ್ನು ತಿರಸ್ಕರಿಸಿದವು. ಹೆತ್ತ ನೆಲದ ಊಟ ಮರಿಯ ಮೈಯಲ್ಲೇ ಇತ್ತು. ಕರಾವಳಿ, ಘಟ್ಟಗಳ ಅಡುಗೆಯ ವ್ಯತ್ಯಾಸ ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು.

ಹಾಗಾದರೆ ಹಾವಿನ ಊಟವನ್ನು ಬದಲಿಸಲು ಸಾಧ್ಯವೇ ಇಲ್ಲವೆ? ಇದೆ; ಅನುಭವಿ ಪಾಲಕರು ಅದನ್ನು ಮಾಡುತ್ತಾರೆ. ಮೊದಲು ಅವರು ಹಾವಿನ ಉಪವಾಸಕ್ಕೆ ಬೇರೆ ಕಾರಣವಿದೆಯೇ ಎಂದು ನೋಡುತ್ತಾರೆ: ಚಳಿ, ಪೊರೆ ಬಿಡುವ ಸಮಯ, ಬೆದೆಯ ಕಾಲ, ರೋಗ, ಅಥವಾ ಅಡಗಲು ಮರೆಯಿಲ್ಲದ ಪೆಟ್ಟಿಗೆ. ಇವು ಯಾವುವೂ ಇಲ್ಲವೆಂದಾದ ಮೇಲೆ ವಾಸನೆಯ ಉಪಾಯ. ಹೊಸ ಬೇಟೆಯ ಮೈಗೆ ಹಳೆಯ ಬೇಟೆಯ ವಾಸನೆಯನ್ನು ಉಜ್ಜಿ ಕೊಡುವುದು. ಹಾವು ಒಪ್ಪಿಕೊಂಡಂತೆಲ್ಲ ಪ್ರತಿ ಸಲವೂ ಆ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವುದು. ಒಮ್ಮೊಮ್ಮೆ ಹಳೆಯ ಬೇಟೆಯನ್ನು ನುಂಗುತ್ತಿರುವಾಗಲೇ ಅದರ ಬಾಲದ ತುದಿಗೆ ಹೊಸದನ್ನು ಸೇರಿಸಿ, ಒಂದೇ ತುತ್ತೆಂಬಂತೆ ನುಂಗಿಸುವುದೂ ಉಂಟು. ಕೊಡುವುದು ಸತ್ತ ಇಲಿಯನ್ನೇ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡೀತು. ಗದ್ದೆಯಿಂದ ಹಿಡಿದ ಇಲಿಯಲ್ಲಿ ವಿಷವಿರುವ ಭಯವಿರುವುದರಿಂದ ಸಾಕಿದ ಇಲಿಯೇ ಆಗಬೇಕು. ಈ ಕೆಲಸಕ್ಕೆ ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ಅವಸರ ಮಾಡಿ ಬಾಯಿಗೆ ತುರುಕಿದರೆ ಹಾವು ಕಕ್ಕುತ್ತದೆ, ಇನ್ನಷ್ಟು ಸೊರಗುತ್ತದೆ.

ಈ ವಿದ್ಯೆ ನಿಜವಾಗಿ ಬೆಲೆಬಾಳುವುದು ಕಾಳಿಂಗ ಸರ್ಪದ ವಿಷಯದಲ್ಲಿ. ಅದರ ಕುಲಕ್ಕೆ ವಿಜ್ಞಾನಿಗಳು ಇಟ್ಟ ಗ್ರೀಕ್ ಮೂಲದ ಹೆಸರು ಒಫಿಯೊಫೇಗಸ್. ಎಂದರೆ ಹಾವು ತಿನ್ನುವುದು. ಅದುವರೆಗೆ ಒಂದೇ ಜಾತಿ ಎಂದುಕೊಂಡಿದ್ದ ಈ ಹಾವನ್ನು 2024ರಲ್ಲಿ ಸಂಶೋಧಕರು ನಾಲ್ಕು ಜಾತಿಗಳಾಗಿ ವಿಂಗಡಿಸಿದಾಗ, ನಮ್ಮ ಪಶ್ಚಿಮಘಟ್ಟದ ಜಾತಿಗೆ ಕನ್ನಡಿಗರ ಬಾಯಲ್ಲಿರುವ 'ಕಾಳಿಂಗ' ಎಂಬ ಹೆಸರನ್ನೇ ಇಟ್ಟರು. ಕೇರೆ, ನಾಗರ, ಗುಳಿಮಂಡಲ ಇವೆಲ್ಲ ಅದರ ಆಹಾರ, ಉಡವನ್ನೂ ತಿನ್ನುವುದುಂಟು. ಇಂತಹ ಹಾವನ್ನು ಗಾಜಿನ ಹಿಂದೆ ಇಟ್ಟರೆ ಅದಕ್ಕೆ ದಿನಸಿ ಎಲ್ಲಿಂದ? ಹದಿನೈದು ದಿನಕ್ಕೆ ಒಂದು ಕೇರೆ ಎಂದು ಲೆಕ್ಕ ಹಿಡಿದರೂ ವರ್ಷಕ್ಕೆ 26 ಆಯಿತು. ಸೆರೆಯಲ್ಲಿ 20 ವರ್ಷ ಬದುಕಿದರೆ 520. ಆ ಕೇರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ನಮ್ಮ ಗದ್ದೆ, ಕಣಜಗಳ ಇಲಿ ಕಾಯುವವೂ ಅವೇ. ಆದ್ದರಿಂದ ಈಗಾಗಲೇ ಸೆರೆಯಲ್ಲಿರುವ, ಕಾಡಿಗೆ ಮರಳಲಾಗದ ಕಾಳಿಂಗನಿಗೆ ಕೇರೆಯ ವಾಸನೆ ಹಚ್ಚಿದ ಇಲಿಯನ್ನು ಕಲಿಸುವುದು ಸರಿಯಾದ ಕೆಲಸ. ಒಂದು ಹಾವಿನ ಅಭ್ಯಾಸ ಬದಲಾದರೆ ನೂರಾರು ಹಾವುಗಳು ಉಳಿಯುತ್ತವೆ.

ಆದರೆ ಇದೇ ವಿದ್ಯೆಯನ್ನು ತೋರಿಸಿ 'ನೋಡಿ, ಹಾವನ್ನು ಹೇಗೆ ಬೇಕಾದರೂ ಒಗ್ಗಿಸಬಹುದು, ಸಾಕಬಹುದು' ಎನ್ನುವ ವಾದವನ್ನು ನಾವು ಒಪ್ಪಲಾಗದು. ಸೆರೆಯಲ್ಲಿರುವ ಪ್ರಾಣಿಯ ಸಂಕಟಕ್ಕೆ ಪರಿಹಾರವಾಗಿ ಹುಟ್ಟಿದ ಉಪಾಯವು ಹೊಸ ಸೆರೆಗೆ ನೆಪವಾಗಬಾರದು. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವು, ಕಾಳಿಂಗಗಳನ್ನು ಹಿಡಿದು ಸಾಕುವುದು ಅಪರಾಧ. ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರೂ 2024ರ ನಿಯಮಗಳಂತೆ ನೋಂದಣಿ ಮಾಡಿಸಲೇಬೇಕು. ಇನ್ನು, ಊಟ ಬಿಟ್ಟ ಹಾವನ್ನು ಪುಸಲಾಯಿಸಲು ಪಕ್ಕದ ಕೆರೆಯ ಕಪ್ಪೆ, ಗೋಡೆಯ ಹಲ್ಲಿ, ಗುಬ್ಬಿಮರಿಗಳಿಗೆ ಕೈಹಾಕುವ ಸಾಕಣೆ ಎಂತಹ ಪ್ರಾಣಿಪ್ರೀತಿ? ಬೇಸತ್ತು ಒಂದು ರಾತ್ರಿ ಅದನ್ನು ತಂದು ಕಾಡಿನಂಚಿನಲ್ಲಿ ಬಿಟ್ಟರೆ, ಆ ಹಾವಿಗೂ ಕೇಡು, ಕಾಡಿಗೂ ಕೇಡು. ಈಗಾಗಲೇ ತಂದವರು ಅದರ ಆಯುಸ್ಸು ಮುಗಿಯುವವರೆಗೆ ತಾಳ್ಮೆಯಿಂದ ನೋಡಿಕೊಳ್ಳಲಿ. ತರಬೇಕೆಂದಿರುವವರು ಆ ಯೋಚನೆಯನ್ನು ಬಿಡಲಿ.

ನಗರದವರನ್ನಷ್ಟೇ ದೂರಿ ನಾವು ಸುಮ್ಮನಾಗುವಂತಿಲ್ಲ. ಹಾವಿನ ಊಟವನ್ನು ಬಲವಂತದಿಂದ ಬದಲಿಸಿದ ಅತಿ ಹಳೆಯ ಉದಾಹರಣೆ ನಮ್ಮ ನಾಗರಪಂಚಮಿಯಲ್ಲೇ ಇದೆ. ಹಾಲು ಹಾವಿನ ಆಹಾರವಲ್ಲ. ಅದನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಹಾವಾಡಿಗನ ಬುಟ್ಟಿಯ ನಾಗರ ಹಾಲು ಕುಡಿದದ್ದು ಭಕ್ತಿಗೆ ಮೆಚ್ಚಿ ಅಲ್ಲ, ದಿನಗಟ್ಟಲೆ ನೀರು ಕಾಣದೆ ಬಾಯಾರಿದ್ದರಿಂದ. ಕಲ್ಲಿನ ನಾಗನಿಗೆ ಹಾಲೆರೆಯುವುದು ಅವರವರ ನಂಬಿಕೆ. ಜೀವವಿರುವ ಹಾವಿಗೆ ಎರೆಯುವುದು ಹಿಂಸೆ.

ಘಟ್ಟದವರಾದ ನಮಗೆ ಇನ್ನೊಂದು ಹೊಣೆಯೂ ಇದೆ. ಭತ್ತ, ಅಡಿಕೆ, ತಿಪ್ಪೆಗಳಿರುವಲ್ಲಿಗೆ ಇಲಿ ಬರುತ್ತದೆ. ಇಲಿಯ ಹಿಂದೆ ಕೇರೆ, ಕೇರೆಯ ಹಿಂದೆ ಕಾಳಿಂಗ. ಕೊಟ್ಟಿಗೆಯ ಮಾಡಿನಲ್ಲಿ ಕಂಡ ಕಾಳಿಂಗ ಬಂದಿರುವುದು ಮನುಷ್ಯರ ಮೇಲಿನ ದ್ವೇಷದಿಂದಲ್ಲ, ತನ್ನ ಊಟವನ್ನು ಹುಡುಕಿಕೊಂಡು. ಹಾಗೆ ಬಂದದ್ದನ್ನು ಹಿಡಿಸಿ ಹತ್ತಾರು ಮೈಲಿ ದೂರ ಸಾಗಿಸುವುದೇ ಉಪಕಾರವೆಂದು ನಾವು ಬಹುಕಾಲ ತಿಳಿದಿದ್ದೆವು. ಆಗುಂಬೆಯಲ್ಲಿ 2008ರಿಂದ ಕಾಳಿಂಗಗಳ ಮೈಯಲ್ಲಿ ರೇಡಿಯೋ ಪ್ರೇಷಕವಿರಿಸಿ ನಡೆಸಿದ ಅಧ್ಯಯನಗಳು ಬೇರೆಯದನ್ನೇ ತೋರಿಸಿದವು: ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಬಹಳ ದೂರ ಅಲೆಯುತ್ತದೆ. ತನ್ನ ಬೇಟೆಯ ಜಾಡು, ಅಡಗುವ ಬಿಲ ಎರಡನ್ನೂ ಕಳೆದುಕೊಂಡ ಹಾವಿಗೆ ಕಾಡು ಕೂಡ ಪರದೇಶವೇ.

ಆದುದರಿಂದ ಕಾಳಿಂಗ ಕಂಡಾಗ ಮಕ್ಕಳನ್ನೂ ನಾಯಿಯನ್ನೂ ದೂರವಿರಿಸಿ, ಅದು ಬಂದ ದಾರಿಯಲ್ಲೇ ಹೋಗಲು ಬಿಡೋಣ. ಒಳಗೇ ಸಿಕ್ಕಿಕೊಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಬಲ್ಲವರಿಂದ ಹಿಡಿಸಿ, ಹತ್ತಿರದ ಕಾಡಿಗೇ ಬಿಡಿಸೋಣ. ಇಲಿಪಾಷಾಣ ಇಡುವ ಮುನ್ನ, ಸತ್ತ ಇಲಿಯನ್ನು ತಿನ್ನುವ ಗೂಬೆ, ಹಾವುಗಳನ್ನು ನೆನೆಯೋಣ. ತೋಟದಲ್ಲಿ ಕಂಡ ಕೇರೆಯನ್ನು ಹೊಡೆಯದಿರೋಣ.

ಮುಂದಿನ ಸಲ ಮೈಸೂರಿಗೆ ಪ್ರವಾಸ ಹೋದ ಮಕ್ಕಳು ಹಾವಿಗೆ ಊಟಕ್ಕೇನು ಹಾಕುತ್ತಾರೆ ಎಂದು ಕೇಳಿದರೆ, ಜೊತೆಗಿರುವ ಮಾಸ್ತರರು, ಅಕ್ಕೋರು ಅವರಿಗೆ ವಾಸನೆ ಉಜ್ಜಿದ ಇಲಿಯ ಕಥೆಯನ್ನು ಹೇಳಲಿ. ಊರಿಗೆ ಮರಳಿದ ಮೇಲೆ, ಅದೇ ಹಾವು ಯಾರೂ ಬಡಿಸದೆಯೇ ಉಣ್ಣುತ್ತಿರುವ ಶೋಲೆ, ಬಿದಿರುಮೆಳೆ, ಗದ್ದೆಯ ಅಂಚುಗಳನ್ನೂ ತೋರಿಸಲಿ. ಉಳಿಸಬೇಕಾದದ್ದು ಅದನ್ನು.